ಹೊಸ ವ್ಯವಸ್ಥೆಗೆ ಹಿಂಜರಿಕೆ ಏಕೆ?

ಪೀಠಿಕೆ

ಬದಲಾವಣೆ ಲೋಕದ ನಿಯಮವೆಂದು ಹೇಳುವುದು ಸುಲಭ. ಆ ಬದಲಾವಣೆಯ ಭಾರವನ್ನು ಹೊರುವುದು ಅಷ್ಟು ಸುಲಭವಲ್ಲ. 2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ‘ವಿಂಡೋಸ್ 10’ ಎಂಬ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಉತ್ತರಾಧಿಕಾರಿಯಾದ ‘ವಿಂಡೋಸ್ 11’ 2021ರ ಅಕ್ಟೋಬರ್ ತಿಂಗಳಲ್ಲಿಯೇ ಬಂದಿತ್ತು. ನಾಲ್ಕು ವರ್ಷಗಳ ಅವಕಾಶವಿದ್ದರೂ ಅಂಗಡಿ, ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ಅನೇಕರು ಹಳೆಯದನ್ನೇ ನೆಚ್ಚಿಕೊಂಡು ಉಳಿದರು. ಇದನ್ನು ಕಂಡು ‘ನಮ್ಮ ಜನ ಹೊಸತಿಗೆ ಒಗ್ಗುವವರಲ್ಲ’ ಎಂದು ತೀರ್ಪು ಕೊಡುವುದು ವಾಡಿಕೆಯಾಗಿದೆ. ಈ ತೀರ್ಪು ಅವಸರದ್ದು. ಹಿಂಜರಿಕೆಯ ಹಿಂದೆ ಅಜ್ಞಾನಕ್ಕಿಂತ ಹೆಚ್ಚಾಗಿ ಒಂದು ಲೆಕ್ಕವಿದೆ. ಆದರೆ ಆ ಲೆಕ್ಕದಲ್ಲಿ ಒಂದು ಮುಖ್ಯ ಬಾಬು ಬಿಟ್ಟುಹೋಗಿದೆ. ಈ ಎರಡನ್ನೂ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಗಣಕಯಂತ್ರದ ಬಿಡಿಭಾಗಗಳು ಒಂದು ಕಡೆ. ಬರೆಯಲು, ಲೆಕ್ಕವಿಡಲು, ಪುಟ ಕಟ್ಟಲು ನಾವು ಬಳಸುವ ತಂತ್ರಾಂಶಗಳು ಇನ್ನೊಂದು ಕಡೆ. ಇವೆರಡರ ನಡುವೆ ನಿಂತು ಎರಡಕ್ಕೂ ಸಂಬಂಧ ಕಲ್ಪಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ಅದನ್ನು ಮನೆಯ ಅಡಿಪಾಯಕ್ಕೆ ಹೋಲಿಸಬಹುದು. ಮನೆಯಲ್ಲಿ ವಾಸಿಸುವವನು ಅಡಿಪಾಯವನ್ನು ನಿತ್ಯ ನೋಡುವುದಿಲ್ಲ. ಅವನ ಬದುಕೆಲ್ಲ ಅಡುಗೆಮನೆ, ಪಡಸಾಲೆ, ಕಣಜಗಳಲ್ಲಿ ನಡೆಯುತ್ತದೆ. ಅಡಿಪಾಯವನ್ನು ಬದಲಿಸಬೇಕೆಂದರೆ ಅವನಿಗೆ ಮೊದಲು ಬರುವ ಚಿಂತೆ ಅದರ ಮೇಲಿರುವ ಪಡಸಾಲೆ ಕಣಜಗಳದ್ದೇ. ಹೊಸ ಅಡಿಪಾಯ ಎಷ್ಟೇ ಗಟ್ಟಿಯಾಗಿರಲಿ, ಕಣಜದಲ್ಲಿರುವ ಕಾಳು ಚೆಲ್ಲಿಹೋಗುವುದಾದರೆ ಯಾವ ವಿವೇಕಿಯೂ ಒಪ್ಪಲಾರನು.

ಈ ನಾಡು ಕಂಡ ಒಂದು ಬದಲಾವಣೆ

ಕಲಬುರಗಿ ಸೀಮೆಯ ಜನರಿಗೆ ವ್ಯವಸ್ಥೆಯ ಬದಲಾವಣೆ ಹೊಸ ಅನುಭವವಲ್ಲ. 1948ರ ಸೆಪ್ಟೆಂಬರ್ ತಿಂಗಳಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಆದರೆ ನಿಜಾಮನ ನಾಣ್ಯವಾದ ‘ಹಾಲಿ ಸಿಕ್ಕಾ’ ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರದಲ್ಲಿ ಎರಡೂ ಕೆಲವು ವರ್ಷ ಜೊತೆಜೊತೆಯಾಗಿ ನಡೆದವು. 1956ರ ನವೆಂಬರ್ 1ರಂದು ಈ ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರ ಏಪ್ರಿಲ್ 1ರಿಂದ, ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿಯಾಯಿತು. ಆಗಲೂ ಹಳೆಯ ನಾಲ್ಕಾಣೆ ಇಪ್ಪತ್ತೈದು ಪೈಸೆಯಾಗಿಯೂ, ಎಂಟಾಣೆ ಐವತ್ತು ಪೈಸೆಯಾಗಿಯೂ ಚಲಾವಣೆಯಲ್ಲಿ ಉಳಿದವು. ‘ನಾಲ್ಕಾಣೆ’, ‘ಎಂಟಾಣೆ’ ಎಂಬ ಮಾತುಗಳಂತೂ ಆಣೆ ಹೋಗಿ ದಶಕಗಳು ಕಳೆದ ಮೇಲೂ ಜನರ ಬಾಯಲ್ಲಿದ್ದವು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಆ ಬದಲಾವಣೆಗಳಲ್ಲಿ ಗೊಂದಲ ಸಾಕಷ್ಟಿತ್ತು. ಆದರೂ ಹಳೆಯ ನಾಣ್ಯ ಹಿಡಿದವನ ಕೈಯಲ್ಲಿದ್ದ ಹಣ ಸುಳ್ಳಾಗಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ನಡುವೆ ನಿಶ್ಚಿತವಾದ ಒಂದು ದರವಿತ್ತು, ದಾಟಿಕೊಳ್ಳಲು ಕಾಲಾವಕಾಶವಿತ್ತು. ಗಣಕಯಂತ್ರದ ಜಗತ್ತಿನಲ್ಲಿ ಹಿಂಜರಿಕೆ ಹುಟ್ಟುವುದು ಬಹುಮಟ್ಟಿಗೆ ಇವೆರಡರ ಕೊರತೆಯಿಂದಲೇ.

ವ್ಯಾಪಾರಿಯ ಲೆಕ್ಕ

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಇಲ್ಲಿಯ ಒಂದು ಬೇಳೆ ಮಿಲ್ಲಿನ ಕಚೇರಿಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಅಲ್ಲಿ ತೂಕದ ಕಾಟಾಕ್ಕೆ ಜೋಡಿಸಿದ ಒಂದು ಹಳೆಯ ತಂತ್ರಾಂಶವಿದೆ. ಪಾವತಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಯಂತ್ರವಿದೆ. ಹತ್ತಾರು ವರ್ಷಗಳ ಖಾತೆಗಳಿವೆ. ಡಾಸ್ ಕಾಲದ ಹದಿನಾರು ಬಿಟ್ಟಿನ ತಂತ್ರಾಂಶಗಳು ಅರವತ್ತನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ; ವಿಂಡೋಸ್ 11ಕ್ಕೆ ಅರವತ್ತನಾಲ್ಕು ಬಿಟ್ಟಿನ ರೂಪವಲ್ಲದೆ ಬೇರೆ ರೂಪವೇ ಇಲ್ಲ. ಮೇಲಾಗಿ ಅದು ‘ಟಿಪಿಎಂ 2.0’ ಎಂಬ ಭದ್ರತಾ ಸೌಲಭ್ಯವನ್ನೂ ಹೊಸ ಪೀಳಿಗೆಯ ಸಂಸ್ಕಾರಕವನ್ನೂ ಅಪೇಕ್ಷಿಸುತ್ತದೆ. ಆದ್ದರಿಂದ ವ್ಯವಸ್ಥೆಯನ್ನು ಪುಕ್ಕಟೆಯಾಗಿ ಕೊಟ್ಟರೂ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಬದಿಗಿಟ್ಟು ಹೊಸ ಯಂತ್ರವನ್ನು ಕೊಳ್ಳಬೇಕಾಗುತ್ತದೆ. ಯಂತ್ರದ ಜೊತೆಗೆ ಕಾಟಾದ ತಂತ್ರಾಂಶ ಹೊಸದಾಗಬೇಕು, ಗುಮಾಸ್ತನಿಗೆ ತರಬೇತಿಯಾಗಬೇಕು. ತೊಗರಿಯ ಆವಕ ಹೆಚ್ಚಿರುವ ಸುಗ್ಗಿಯಲ್ಲಿ ಎರಡು ದಿನ ಕೆಲಸ ನಿಂತರೆ ಆಗುವ ನಷ್ಟ ಇವೆಲ್ಲಕ್ಕೂ ಮಿಗಿಲಾದದ್ದು.

ಇದೇ ವ್ಯಾಪಾರಿಯು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ತನ್ನ ಲೆಕ್ಕದ ಕ್ರಮವನ್ನು ಬದಲಿಸಿಕೊಂಡನೆಂಬುದನ್ನು ಮರೆಯಬಾರದು. ಹೊಸ ಕ್ರಮದಲ್ಲಿ ಬಿಲ್ಲು ಬರೆಯದೆ ವ್ಯಾಪಾರವೇ ಸಾಗುವಂತಿರಲಿಲ್ಲ. ಹಾಗಾಗಿ ಅವನು ಬದಲಾವಣೆಯ ವೈರಿಯಲ್ಲ. ಪ್ರಯೋಜನ ಕಾಣದ ಖರ್ಚಿನ ವೈರಿ.

ಖರ್ಚಿನ ಮೇಲೆ ರೂಢಿಯ ಬಲವೂ ಸೇರುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಪರದೆಯ ಮೂಲೆಯಲ್ಲಿದ್ದ ‘ಸ್ಟಾರ್ಟ್’ ಗುಂಡಿಯನ್ನು ತೆಗೆದುಹಾಕಲಾಯಿತು. ಬಳಕೆದಾರರ ಅಸಮಾಧಾನ ಎಷ್ಟಾಯಿತೆಂದರೆ ಮರುವರ್ಷದ 8.1ರಲ್ಲಿ ಗುಂಡಿಯನ್ನು ಮರಳಿ ಇಡಬೇಕಾಯಿತು. ಕೈ ಕಲಿತ ವಿದ್ಯೆಯೂ ಒಂದು ಬಂಡವಾಳವೇ; ಅದನ್ನು ಕೇಳದೆ ಕಸಿದುಕೊಂಡರೆ ಯಾರಿಗೂ ನೋವಾಗುತ್ತದೆ.

ಅಕ್ಷರದ ಸರಪಳಿ

ಇದುವರೆಗೆ ಹೇಳಿದ್ದು ಲೋಕಕ್ಕೆಲ್ಲ ಸಮಾನವಾದದ್ದು. ಕನ್ನಡಿಗರಿಗೆ ಇದರ ಜೊತೆಗೆ ವಿಶಿಷ್ಟವಾದ ಇನ್ನೊಂದು ಕಾರಣವಿದೆ. ಅದು ಅಕ್ಷರಕ್ಕೆ ಸಂಬಂಧಿಸಿದ್ದು.

ಗಣಕಯಂತ್ರವು ಅಕ್ಷರವನ್ನು ಅಕ್ಷರವಾಗಿ ಅರಿಯದು. ಸಂಖ್ಯೆಯಾಗಿ ಮಾತ್ರ ಅರಿಯುತ್ತದೆ. ಮೊದಮೊದಲು ಒಂದು ಅಕ್ಷರಶೈಲಿಯಲ್ಲಿ 256 ಸಂಖ್ಯೆಗಳಿಗೆ ಮಾತ್ರ ಸ್ಥಳವಿತ್ತು; ಅವು ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಸಲ್ಲುತ್ತಿದ್ದವು. ನಮ್ಮ ತಂತ್ರಜ್ಞರು ಆ ಸ್ಥಳಗಳಲ್ಲಿಯೇ ಕನ್ನಡದ ಅಕ್ಷರಗಳನ್ನೂ, ಒತ್ತುಗಳನ್ನೂ, ಕೊಂಬು ಕೊಡತಿಗಳನ್ನೂ ಚಿತ್ರಗಳಾಗಿ ಕೂರಿಸಿದರು. ಕೆ. ಪಿ. ರಾವ್ ಅವರು ಕೀಲಿಮಣೆಯ ಸರಳ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ಮನೆಮಾತಾಯಿತು. ಕನ್ನಡವನ್ನು ಗಣಕಯಂತ್ರಕ್ಕೆ ತಂದ ಈ ಉಪಕಾರವನ್ನು ನಾಡು ಮರೆಯುವಂತಿಲ್ಲ.

ಆದರೆ ಆ ಉಪಾಯಕ್ಕೊಂದು ಮಿತಿಯಿತ್ತು. ಹಾಗೆ ಬರೆದ ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ಸಂಖ್ಯೆಗಳೇ. ಅದೇ ಅಕ್ಷರಶೈಲಿ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಇಲ್ಲವಾದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ ಸಾಲು ಮಾತ್ರ ಕಣ್ಣಿಗೆ ಬೀಳುತ್ತದೆ. ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಈ ತೊಡಕಿಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಅಲ್ಲಿ ‘ಅ’ ಅಕ್ಷರದ ಸಂಖ್ಯೆ 3205; ‘ಕ’ ಅಕ್ಷರದ್ದು 3221. ಜಗತ್ತಿನ ಯಾವ ಯಂತ್ರದಲ್ಲಿಯೂ ಆ ಸಂಖ್ಯೆಗೆ ಬೇರೆ ಅರ್ಥವಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಯುನಿಕೋಡ್ ಕನ್ನಡ ಅಕ್ಷರಶೈಲಿಯೂ ಬಂದಿತು.

ಆದರೂ ಮುದ್ರಣಾಲಯಗಳು ಹಳೆಯದನ್ನು ಬಿಡಲಿಲ್ಲ. ಕಾರಣ ಸ್ಪಷ್ಟವಿದೆ. ಪುಟ ಕಟ್ಟುವವರ ಕೈ ಪಳಗಿದ್ದು ಪೇಜ್‌ಮೇಕರ್ ತಂತ್ರಾಂಶದಲ್ಲಿ. ಅದರ ಕೊನೆಯ ಮುಖ್ಯ ಆವೃತ್ತಿ 2001ರದು. ಅನಂತರ ಅದರ ಬೆಳವಣಿಗೆಯೇ ನಿಂತಿತು. ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು. ಹೀಗೆ ಹಳೆಯ ಕಡತಕ್ಕೆ ಹಳೆಯ ಅಕ್ಷರಶೈಲಿ, ಅದಕ್ಕೆ ಹಳೆಯ ಪುಟವಿನ್ಯಾಸದ ತಂತ್ರಾಂಶ, ಅದಕ್ಕೆ ಹಳೆಯ ವಿಂಡೋಸ್, ಅದಕ್ಕೆ ಹಳೆಯ ಯಂತ್ರ ಎಂಬ ಸರಪಳಿಯೊಂದು ಬೆಳೆಯಿತು. ಒಂದು ಕೊಂಡಿಯನ್ನು ಕಳಚಿದರೆ ಉಳಿದವೆಲ್ಲ ಸಡಿಲವಾಗುತ್ತವೆ. ಮುದ್ರಕನು ವಿಂಡೋಸನ್ನು ಬದಲಿಸಲು ಒಪ್ಪದಿರುವುದು ವಿಂಡೋಸಿನ ಮೇಲಿನ ಪ್ರೀತಿಯಿಂದಲ್ಲ. ಇಪ್ಪತ್ತು ವರ್ಷ ತಾನು ಜೋಡಿಸಿದ ಕನ್ನಡ ಕೈತಪ್ಪೀತೆಂಬ ಭಯದಿಂದ.

ಹೋದರೆ ಭಯ, ನಿಂತರೆ ಅಪಾಯ

ಈ ಭಯಕ್ಕೆ ಆಧಾರವಿಲ್ಲದೆ ಇಲ್ಲ. 2018ರ ಅಕ್ಟೋಬರ್ ತಿಂಗಳಲ್ಲಿ ವಿಂಡೋಸ್ 10ರ ಒಂದು ಪರಿಷ್ಕರಣೆಯು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಅದರ ವಿತರಣೆಯನ್ನು ತಡೆಹಿಡಿಯಲಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಪರದಾಡಿದರು. ‘ನಡೆಯುವುದನ್ನು ಮುಟ್ಟಬೇಡ’ ಎಂಬ ಕಚೇರಿಯ ನಾಣ್ಣುಡಿ ಇಂತಹ ಅನುಭವದಿಂದ ಹುಟ್ಟಿದ್ದು.

ಹಾಗೆಂದು ನಿಂತಲ್ಲಿಯೇ ನಿಂತರೆ ಕ್ಷೇಮವೆನ್ನುವಂತೆಯೂ ಇಲ್ಲ. ಬೆಂಬಲ ನಿಂತ ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರಿರುವುದಿಲ್ಲ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದಕ್ಕೆ ತಡೆಯಾದ ಪರಿಷ್ಕರಣೆ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಸಿದ್ಧವಿತ್ತು, ಅಳವಡಿಸಿಕೊಳ್ಳದವರು ಬಲಿಯಾದರು. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದೇ ಮುಗಿದಿದ್ದರೂ ನಮ್ಮ ದೇಶದ ಎಷ್ಟೋ ಎ.ಟಿ.ಎಂ.ಗಳು ಅದರಲ್ಲಿಯೇ ನಡೆಯುತ್ತಿದ್ದವು. ಕೊನೆಗೆ 2018ರ ಜೂನ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಹಂತಹಂತವಾಗಿ ಒಂದು ವರ್ಷದೊಳಗೆ ಅವನ್ನು ಬದಲಿಸಬೇಕೆಂದು ಬ್ಯಾಂಕುಗಳಿಗೆ ಆಜ್ಞೆ ಮಾಡಬೇಕಾಯಿತು.

ಲೆಕ್ಕದಲ್ಲಿ ಬಿಟ್ಟುಹೋದ ಬಾಬು ಇದೇ. ಹೋಗುವುದಕ್ಕೆ ತಗಲುವ ಖರ್ಚನ್ನು ನಾವು ರೂಪಾಯಿಯಲ್ಲಿ ಎಣಿಸುತ್ತೇವೆ. ಉಳಿಯುವುದಕ್ಕೆ ತಗಲುವ ಖರ್ಚನ್ನು ಎಣಿಸುವುದೇ ಇಲ್ಲ. ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ನ್ನು ಇನ್ನೂ ಬಳಸುವ ಉದ್ಯಮಗಳಿಗೆ ಗೊತ್ತುಮಾಡಿದ ವಿಸ್ತೃತ ಭದ್ರತಾ ಶುಲ್ಕವೇ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರು, ಅನಂತರ ಪ್ರತಿವರ್ಷ ಅದರ ದುಪ್ಪಟ್ಟು. ಹಣದ ಮಾತು ಹಾಗಿರಲಿ, ಹಳೆಯ ಯಂತ್ರ ಕೆಟ್ಟು, ಹಳೆಯ ಅಕ್ಷರಶೈಲಿ ಬಲ್ಲವರು ನಿವೃತ್ತರಾದ ಮೇಲೆ ಆ ಕಡತಗಳನ್ನು ತೆರೆಯುವವರಾರು?

ಶಾಲೆಗಳು ಮಾಡಬಹುದಾದದ್ದು

ಈ ಪ್ರಶ್ನೆ ಕುಸನೂರದಂತಹ ಊರಿನ ಶಾಲೆಗೂ ಮುಖ್ಯವಾದದ್ದು. ದಾಖಲಾತಿ ಪಟ್ಟಿ, ಫಲಿತಾಂಶ, ದಾನಿಗಳ ನಾಮಾವಳಿ, ಹಿಂದಿನ ಸ್ಮರಣ ಸಂಚಿಕೆಗಳ ಕರಡು ಇವೆಲ್ಲ ಅನೇಕ ಸಂಸ್ಥೆಗಳಲ್ಲಿ ಹಳೆಯ ಅಕ್ಷರಶೈಲಿಯಲ್ಲಿಯೇ ಉಳಿದಿವೆ. ಆದ್ದರಿಂದ ಯಂತ್ರವನ್ನು ಬದಲಿಸುವ ಮುನ್ನ ಈ ಕೆಲವು ಕ್ರಮಗಳನ್ನು ಕೈಗೊಳ್ಳುವುದು ಉಚಿತ.

ಮೊದಲನೆಯದಾಗಿ, ಯಾವ ಕಡತ ಯಾವ ತಂತ್ರಾಂಶದಲ್ಲಿ, ಯಾವ ಅಕ್ಷರಶೈಲಿಯಲ್ಲಿದೆ ಎಂಬ ಪಟ್ಟಿಯನ್ನು ತಯಾರಿಸಬೇಕು. ಎರಡನೆಯದಾಗಿ, ಅವುಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು. ಇದಕ್ಕೆ ಉಚಿತ ಪರಿವರ್ತಕಗಳು ದೊರೆಯುತ್ತವೆ; ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದರಿಂದ ಕನ್ನಡ ಶಿಕ್ಷಕರು ಕರಡು ತಿದ್ದಲೇಬೇಕು. ಪಿಡಿಎಫ್ ಮಾಡಿಟ್ಟರೆ ಸಾಕೆಂಬ ಭಾವನೆ ಸರಿಯಲ್ಲ. ಹಳೆಯ ಅಕ್ಷರಶೈಲಿಯ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಅದರಲ್ಲಿ ಒಂದು ಹೆಸರನ್ನು ಹುಡುಕಲು ಹೋದರೆ ಸಿಗುವುದಿಲ್ಲ. ಮೂರನೆಯದಾಗಿ, ಎಲ್ಲ ಯಂತ್ರಗಳನ್ನೂ ಒಮ್ಮೆಲೆ ಬದಲಿಸದೆ, ಪರೀಕ್ಷೆಗಳು ಮುಗಿದ ಬೇಸಿಗೆಯಲ್ಲಿ ಒಂದೇ ಯಂತ್ರದಲ್ಲಿ ಪ್ರಯೋಗಿಸಿ ನೋಡಬೇಕು. ಹಳೆಯ ಯಂತ್ರವೊಂದನ್ನು ಅಂತರಜಾಲದಿಂದ ಬೇರ್ಪಡಿಸಿ, ಕೆಲಕಾಲ ಜೊತೆಗೆ ಇಟ್ಟುಕೊಳ್ಳಬೇಕು. ಹಾಲಿ ಸಿಕ್ಕಾದ ಕಾಲದ ನೀತಿ ಇಲ್ಲಿಯೂ ಸಲ್ಲುತ್ತದೆ. ನಾಲ್ಕನೆಯದಾಗಿ, ಕಡತಗಳ ಪ್ರತಿಗಳನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡಬೇಕು.

ಹೊಸ ಯಂತ್ರ ಕೊಳ್ಳುವ ಶಕ್ತಿಯಿಲ್ಲದಲ್ಲಿ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯೂ ಇದೆ. ಕೇರಳದ ಸರ್ಕಾರಿ ಶಾಲೆಗಳು ಅದನ್ನೇ ಅವಲಂಬಿಸಿವೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ಪದ್ಧತಿಯಲ್ಲಿಯೇ ಗಣಕವಿದ್ಯೆಯನ್ನು ಕಲಿಯುತ್ತಾರೆ. ಅಲ್ಲಿ ಶಿಕ್ಷಕರ ತರಬೇತಿಯನ್ನೂ ವ್ಯವಸ್ಥೆಯ ಜೊತೆಗೇ ಒದಗಿಸಿದ್ದರಿಂದ ಆ ಬದಲಾವಣೆ ನೆಲೆಯೂರಿತು.

ಉಪಸಂಹಾರ

ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡವೋಲೆಗಳನ್ನು ಕೂಡಿಹಾಕಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. ಮುದ್ರಣಯಂತ್ರ ಬಂದುದರಿಂದ ಮಾತ್ರ ವಚನಗಳು ಉಳಿಯಲಿಲ್ಲ. ಓಲೆಯಲ್ಲಿದ್ದುದನ್ನು ಕಾಗದಕ್ಕೆ ದಾಟಿಸುವ ಶ್ರಮವನ್ನು ಒಬ್ಬರು ಹೊತ್ತುದರಿಂದ ಉಳಿದವು. ನಮ್ಮ ಕಾಲದ ಕಡತಗಳಿಗೂ ಇದೇ ಮಾತು ಸಲ್ಲುತ್ತದೆ. ಜನರನ್ನು ಹೊಸ ವ್ಯವಸ್ಥೆಗೆ ಕರೆಯುವವರು ಅವರ ಹಳೆಯ ಕೆಲಸವನ್ನು ದಾಟಿಸಿಕೊಡುವ ಹೊಣೆಯನ್ನೂ ಹೊರಬೇಕು. ಆಗ ಹಿಂಜರಿಕೆ ತಾನಾಗಿ ಕರಗುತ್ತದೆ. ಆದಕಾರಣ ಶಾಲೆಗೆ ಗಣಕಯಂತ್ರವನ್ನು ದಾನವಾಗಿ ಕೊಡುವ ಮಹನೀಯರು ಯಂತ್ರದ ಬೆಲೆಯೊಡನೆ ಹಳೆಯ ಕಡತಗಳ ಪರಿವರ್ತನೆಯ ವೆಚ್ಚವನ್ನೂ ಸೇರಿಸಿ ಕೊಡಲಿ. ಕನ್ನಡ ಬಲ್ಲ ಶಿಕ್ಷಕರು ಮತ್ತು ಹಳೆಯ ವಿದ್ಯಾರ್ಥಿಗಳು ಕರಡು ತಿದ್ದುವ ಕೆಲಸಕ್ಕೆ ರಜೆಯ ಕೆಲವು ದಿನಗಳನ್ನು ಮೀಸಲಿಡಲಿ. ಮುಂದೊಂದು ದಿನ ಈ ಶಾಲೆಯ ವಿದ್ಯಾರ್ಥಿಯೊಬ್ಬನು ತನ್ನ ತಾತನ ಹೆಸರನ್ನು ಹಳೆಯ ದಾಖಲೆಯಲ್ಲಿ ಹುಡುಕಿದಾಗ, ಅದು ಕನ್ನಡದಲ್ಲಿಯೇ ಅವನ ಕಣ್ಣಿಗೆ ಬೀಳುವಂತಾಗಬೇಕು.