ಓಟಿಪಿ ಹೇಳುವ ಮುನ್ನ ಆರನೇ ಪುಟ ಓದಿ

ಕೊಟ್ಟೂರು ಕಡೆಯ ಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಮಧ್ಯಾಹ್ನ ಖಾಕಿ ಲಕೋಟೆ ಹಿಡಿದು ನನ್ನ ಕಚೇರಿಗೆ ಬಂದರು. ಲಕೋಟೆಯಲ್ಲಿ ಅವರೇ ಬರೆದ ಪುಸ್ತಕವಿತ್ತು. ಗುರುಬಸವೇಶ್ವರರ ರಥೋತ್ಸವ, ಮಿಣಿ ಹಿಡಿಯುವ ಮನೆತನಗಳು, ಅವರ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳು, ಹೀಗೆ ಮೂವತ್ತು ವರ್ಷ ನೋಟ್‌ಬುಕ್ಕುಗಳಲ್ಲಿ ಕೂಡಿಟ್ಟದ್ದು 212 ಪುಟವಾಗಿತ್ತು. ಆನ್‌ಲೈನ್‌ನಲ್ಲಿ ಪುಸ್ತಕ ಮಾಡಿಕೊಡುವ ಒಂದು ಕಂಪನಿಗೆ ಅವರು 38,000 ರೂಪಾಯಿ ಕಟ್ಟಿದ್ದರು. 25 ಪ್ರತಿ ಕೊರಿಯರ್‌ನಲ್ಲಿ ಬಂದಿದ್ದವು. ಅಲ್ಲಿಗೆ ಅವರಿಗೆ ತೃಪ್ತಿಯೇ ಇತ್ತು.

ಊರಿನ ಶಾಲೆಯ ಸ್ಮರಣ ಸಂಚಿಕೆಗೆ ಅದರ ಒಂದು ಅಧ್ಯಾಯ ಬೇಕಾದಾಗ ತೊಂದರೆ ಶುರುವಾಯಿತು. ಮೇಷ್ಟ್ರು ಸೌಜನ್ಯಕ್ಕೆಂದು ಕಂಪನಿಗೆ ಒಂದು ಮೇಲ್ ಹಾಕಿದರು. ಬಂದ ಉತ್ತರವನ್ನು ಅವರು ನನ್ನ ಮೇಜಿನ ಮೇಲೆ ಇಟ್ಟಾಗ ಕೈ ನಡುಗುತ್ತಿತ್ತು. ಈ ಕೃತಿಯ ಹಕ್ಕು ನಮ್ಮದು, ಮರುಮುದ್ರಣಕ್ಕೆ ನಮ್ಮ ಅನುಮತಿ ಬೇಕು, ಅದಕ್ಕೆ ಶುಲ್ಕವಿದೆ, ಎಂದು ಅದರಲ್ಲಿತ್ತು. ಅಜ್ಜಿಯ ಪದಗಳನ್ನು ಮೊಮ್ಮಗ ತನ್ನೂರಿನ ಶಾಲೆಗೆ ಕೊಡಲು ಯಾವುದೋ ದೂರದ ಊರಿನ ಕಂಪನಿಗೆ ದುಡ್ಡು ಕಟ್ಟಬೇಕು!

"ನೀವೇನಾದ್ರೂ ಸಹಿ ಮಾಡಿದ್ರಾ ಮೇಷ್ಟ್ರೇ?" ಅಂದೆ.

"ಇಲ್ರಿ ವಕೀಲ್ರೇ, ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆಧಾರ್ ಓಟಿಪಿ ಕೇಳಿದ್ರು. ಹೇಳಿದೆ."

ಆ ಓಟಿಪಿಯೇ ಸಹಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಆಧಾರ್ ಆಧಾರಿತ ಇ-ಸೈನ್‌ಗೆ ಕೈಬರಹದ ಸಹಿಯಷ್ಟೇ ಬೆಲೆ. ಒಂಬತ್ತು ಪುಟದ ಇಂಗ್ಲಿಷ್ ಕರಾರಿನ ಆರನೇ ಪುಟದಲ್ಲಿ 'ಅಸೈನ್' ಎಂಬ ಒಂದು ಪದವಿತ್ತು. ಆ ಒಂದು ಪದದಿಂದ ಮೇಷ್ಟ್ರು ತಮ್ಮ ಪುಸ್ತಕವನ್ನು ಕ್ರಯಕ್ಕೆ ಬರೆದುಕೊಟ್ಟಂತಾಗಿತ್ತು. ಕ್ರಯದ ದುಡ್ಡನ್ನೂ ಅವರೇ ಕೊಟ್ಟಿದ್ದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನ ಜನರಿಗೆ ಹೊಲ ಬರೆಸಿಕೊಳ್ಳುವುದು ಹೇಗೆಂದು ಯಾರೂ ಕಲಿಸಬೇಕಿಲ್ಲ. ಪಹಣಿ ತೆಗೆಸುತ್ತಾರೆ, ಇ.ಸಿ. ನೋಡುತ್ತಾರೆ, ಚೆಕ್ಕುಬಂದಿ ಓದಿಸಿ ಕೇಳುತ್ತಾರೆ. ಅದೇ ಜನ ಪುಸ್ತಕದ ವಿಷಯಕ್ಕೆ ಬಂದರೆ ಕಣ್ಣು ಮುಚ್ಚಿ ಒಪ್ಪುತ್ತಾರೆ. ಕಾರಣ ನನಗೆ ಗೊತ್ತು. ಕಚೇರಿ ಅಂದರೆ ನಮಗೆ ಹೆದರಿಕೆ. ಇವತ್ತು ಸಾಹೇಬರಿಲ್ಲ, ನಾಳೆ ಬನ್ನಿ, ಆ ಜೆರಾಕ್ಸ್ ತನ್ನಿ. ಆನ್‌ಲೈನ್ ಅಂದರೆ ಅಲೆದಾಟ ಇಲ್ಲ, ಬೈಯುವ ಗುಮಾಸ್ತ ಇಲ್ಲ. ಆ ನಿರಾಳತೆಯಲ್ಲೇ ಜನ ಓದದೆ ಒತ್ತುತ್ತಾರೆ.

ಮೊದಲು ಒಂದು ಭಯ ಬಿಡಿ. ಹಕ್ಕುಸ್ವಾಮ್ಯ ಪಡೆಯಲು ಯಾವ ಕಚೇರಿಗೂ ಹೋಗಬೇಕಿಲ್ಲ. ನೀವು ಸ್ವಂತವಾಗಿ ಬರೆದ ಕ್ಷಣದಿಂದ 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಅದು ನಿಮ್ಮದು. ನಿಮ್ಮ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ನಿಮ್ಮ ವಾರಸುದಾರರದು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ತೀರಿಕೊಂಡದ್ದು 1980ರಲ್ಲಿ. ಮರುವರ್ಷದಿಂದ 60 ಎಣಿಸಿ: 2040ರ ಕೊನೆಯವರೆಗೆ ಅವರ ಬರಹಕ್ಕೆ ಕಾನೂನಿನ ರಕ್ಷಣೆ ಇದೆ. ನಮ್ಮೂರಿನವರೇ ಅಲ್ಲವೇ ಎಂದು ಅವರ ಹಾಸ್ಯವನ್ನು ಒಟ್ಟುಮಾಡಿ ಇ-ಪುಸ್ತಕ ಮಾಡುವಂತಿಲ್ಲ. ಒಂದು ಪುಸ್ತಕದ ಹಕ್ಕು ಇಷ್ಟು ದೀರ್ಘ ಕಾಲದ್ದು. ಅದನ್ನೇ ನಾವು ಒಂದು ಓಟಿಪಿಗೆ ಕೊಟ್ಟುಬಿಡುತ್ತೇವೆ.

ಹೊಲವನ್ನು ಕೋರಿಗೆ ಕೊಡುವುದು ಬೇರೆ, ಕ್ರಯಕ್ಕೆ ಕೊಡುವುದು ಬೇರೆ. ಪುಸ್ತಕದಲ್ಲೂ ಹಾಗೆಯೇ. 'ಲೈಸೆನ್ಸ್' ಅಂದರೆ ಕೋರು: ಅಚ್ಚು ಹಾಕಲು, ಮಾರಲು ಇಷ್ಟು ಕಾಲ ಅನುಮತಿ. 'ಅಸೈನ್‌ಮೆಂಟ್' ಅಂದರೆ ವರ್ಗಾವಣೆ, ಹೆಚ್ಚುಕಡಿಮೆ ಕ್ರಯಪತ್ರವೇ. ದುಡ್ಡು ಕೊಟ್ಟು ಪುಸ್ತಕ ಮಾಡಿಸುವವರು ಯಾವ ಕಾರಣಕ್ಕೂ ಎರಡನೆಯದಕ್ಕೆ ಒಪ್ಪಬಾರದು. ಲೈಸೆನ್ಸ್‌ನಲ್ಲೂ 'ಎಕ್ಸ್‌ಕ್ಲೂಸಿವ್' ಎಂದಿದ್ದರೆ, ಆ ಅವಧಿಯಲ್ಲಿ ನೀವೇ ನಿಮ್ಮ ಪುಸ್ತಕವನ್ನು ಬೇರೆಡೆ ಅಚ್ಚು ಹಾಕಿಸುವಂತಿಲ್ಲ. 'ನಾನ್-ಎಕ್ಸ್‌ಕ್ಲೂಸಿವ್' ಎಂದಿರಲಿ.

ಅವಧಿಯ ಬಗ್ಗೆ ಕಾಯ್ದೆಯ 19ನೇ ಕಲಂ ಬರೆಯುವವರ ಪರವಾಗಿದೆ. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆ ಬಿದ್ದುಹೋಗುತ್ತದೆ. ಆದರೆ ಈ ರಕ್ಷಣೆಗಳೆಲ್ಲ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ಮಾತ್ರ. ಕಂಪನಿಗಳ ವಕೀಲರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ 'ಹಕ್ಕುಸ್ವಾಮ್ಯದ ಪೂರ್ಣಾವಧಿಗೆ', 'ಜಗತ್ತಿನಾದ್ಯಂತ', 'ಕಲಂ 19(4) ಅನ್ವಯಿಸುವುದಿಲ್ಲ' ಎಂಬ ಮೂರು ಸಾಲು ಸೇರಿಸಿರುತ್ತಾರೆ. ಒಬ್ಬ ಕಕ್ಷಿದಾರರು ಜಾಣತನದಿಂದ "ಅವಧಿ ಸ್ಪಷ್ಟವಾಗಿ ಬರೆಯಿರಿ" ಎಂದು ಒತ್ತಾಯಿಸಿದರು. ಕಂಪನಿಯವರು ಪೂರ್ಣಾವಧಿ ಎಂದು ಬರೆದು ಕಳಿಸಿದರು. ಸುಮ್ಮನಿದ್ದಿದ್ದರೆ ಐದೇ ವರ್ಷಕ್ಕೆ ಮುಗಿಯುತ್ತಿತ್ತು. ಕೇಳುವುದಾದರೆ "ಎರಡು ವರ್ಷ" ಎಂದು ನೀವೇ ಅಂಕಿ ಹೇಳಿ.

ಆಡಿಯೊ, ಅನುವಾದ, ಸಿನಿಮಾ, ನಾಟಕ, ಇವುಗಳ ಹಕ್ಕುಗಳೂ ಒಂದೇ ಸಾಲಿನಲ್ಲಿ ತೂರಿಕೊಂಡಿರುತ್ತವೆ. ರಂಗಭೂಮಿಯ ನಂಟಿರುವ ಹಡಗಲಿಯ ಕಡೆ ನಾಟಕ ಬರೆಯುವವರು ಈ ಸಾಲನ್ನು ಎರಡು ಸಲ ಓದಬೇಕು. ನಿಮ್ಮದೇ ನಾಟಕ ಆಡಿಸಲು ಅನುಮತಿ ಕೇಳುವ ಸ್ಥಿತಿ ಬರಬಾರದು. ಕರಾರು ಇಂಗ್ಲಿಷಿನಲ್ಲಿದ್ದರೆ ಕಾಲೇಜಿಗೆ ಹೋಗುವ ಮಗಳನ್ನೋ ಪಕ್ಕದ ಮನೆಯ ಉಪನ್ಯಾಸಕರನ್ನೋ ಕೂರಿಸಿಕೊಂಡು ಓದಿಸಿ. ಮೊಬೈಲಿಗೆ ಓಟಿಪಿ ಬಂದಾಗ ಆ ಮೆಸೇಜನ್ನು ಪೂರ್ತಿ ಓದಿ. ಖಾತೆ ತೆರೆಯುವ ಓಟಿಪಿಯೇ ಬೇರೆ. 'ಇ-ಸೈನ್' ಎಂದು ಕಂಡರೆ ಅಲ್ಲೇ ನಿಲ್ಲಿ.

ಇನ್ನು ನಮ್ಮ ಕಂಪ್ಯೂಟರ್ ಸೆಂಟರ್‌ಗಳ ವಿಷಯ. ಎಲ್ಲರೂ ಕೆಟ್ಟವರಲ್ಲ. ಆದರೆ ಅವಸರದಲ್ಲಿ ಲೇಖಕರ ಖಾತೆಯನ್ನು ಸೆಂಟರಿನವರು ತಮ್ಮದೇ ಜಿಮೇಲ್, ತಮ್ಮದೇ ಫೋನ್ ನಂಬರಿನಲ್ಲಿ ತೆರೆದುಬಿಡುತ್ತಾರೆ. ಅಂಗಡಿ ಮುಚ್ಚಿ ಅವರು ಬೆಂಗಳೂರಿಗೆ ಹೋದರೆ ನಿಮ್ಮ ಪುಸ್ತಕದ ಬೀಗದ ಕೈಯೂ ಅವರ ಜೊತೆ ಹೋಯಿತು. ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ನಂಬರಿನಲ್ಲಿ, ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ ಅಕ್ಷರಗಳಲ್ಲೇ ಇರಬೇಕು. ಹರಪನಹಳ್ಳಿಯವರು ಹೆಚ್ಚು ಎಚ್ಚರ ವಹಿಸಿ. 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಆಮೇಲೆ ವಿಜಯನಗರ ಜಿಲ್ಲೆಗೆ ಬಂದ ತಾಲ್ಲೂಕು ಅದು. ಆಧಾರ್‌ನಲ್ಲಿ ಒಂದು ಜಿಲ್ಲೆ, ಬ್ಯಾಂಕಿನಲ್ಲಿ ಇನ್ನೊಂದು ಜಿಲ್ಲೆ ಇದ್ದರೆ ರಾಯಧನ ತಡೆಹಿಡಿಯಲು ಅದೊಂದು ನೆಪ ಸಾಕು.

ಐಎಸ್‌ಬಿಎನ್ ಹೆಸರಿನಲ್ಲಿ ನಡೆಯುವ ವಸೂಲಿ ಕಂಡಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಎರಡು ಸಾವಿರ, ಐದು ಸಾವಿರ ತೆಗೆದುಕೊಂಡು "ಕಾಪಿರೈಟ್ ಸಮೇತ ನಂಬರ್ ಕೊಡಿಸಿದೆ" ಎನ್ನುವ ಮಧ್ಯವರ್ತಿಗಳಿದ್ದಾರೆ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಆನ್‌ಲೈನ್ ಅರ್ಜಿಯ ಮೇಲೆ ಕೊಡುತ್ತದೆ, ಲೇಖಕರೇ ಪ್ರಕಾಶಕರಾಗಿಯೂ ಪಡೆಯಬಹುದು. ಅದು 13 ಅಂಕಿಯ ಗುರುತಿನ ಸಂಖ್ಯೆ ಅಷ್ಟೇ, ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಕಂಪನಿ ತನ್ನ ಹೆಸರಿನ ಐಎಸ್‌ಬಿಎನ್ ಹಾಕಿದರೆ ದಾಖಲೆಯಲ್ಲಿ ಪ್ರಕಾಶಕ ಆ ಕಂಪನಿ. ಮುಂದೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಲೇಖಕ-ಪ್ರಕಾಶಕರಾಗಿ ಅರ್ಜಿ ಹಾಕಲು ಹೋದಾಗ ಅದೇ ಅಡ್ಡ ಬರುತ್ತದೆ. "ಲೈಬ್ರರಿ ಆರ್ಡರ್ ಖಂಡಿತ ಕೊಡಿಸ್ತೀವಿ" ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ನೋಟರಿ ಮಾಡಿಸಿದರೆ ಕಾಪಿರೈಟ್ ಆಯಿತು ಎನ್ನುವುದೂ ಸುಳ್ಳು. ನಿಜವಾದ ನೋಂದಣಿ ಇರುವುದು ದೆಹಲಿಯ ಹಕ್ಕುಸ್ವಾಮ್ಯ ಕಚೇರಿಯಲ್ಲಿ. ಫಾರಂ 14ರಲ್ಲಿ ಆನ್‌ಲೈನ್ ಅರ್ಜಿ, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಡೈರಿ ನಂಬರ್ ಬಂದ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ನೋಂದಣಿ ಕಡ್ಡಾಯವಲ್ಲ, ಆದರೆ ವ್ಯಾಜ್ಯ ಬಂದರೆ ಮೇಲ್ನೋಟದ ಸಾಕ್ಷ್ಯ. ಕೊರತೆ ಇದ್ದರೆ ಪತ್ರ ಬರುವುದು ಮೇಲ್‌ಗೆ. ಏಜೆಂಟರ ಮೇಲ್ ವಿಳಾಸ ಕೊಟ್ಟಿದ್ದರೆ ಅದು ನಿಮಗೆ ಗೊತ್ತೇ ಆಗುವುದಿಲ್ಲ, ಗಡುವು ಮೀರಿದ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪ್ರಕಾಶಕರು ಬೇರೆ ಇದ್ದರೆ ಅವರ ನಿರಾಕ್ಷೇಪಣಾ ಪತ್ರವನ್ನೂ ಕೇಳುತ್ತಾರೆ. ಹಾಗಾಗಿ ಪ್ರಕಟಣೆಗೆ ಮೊದಲೇ ಹಸ್ತಪ್ರತಿಯನ್ನು ನೋಂದಾಯಿಸುವುದು ಸುಲಭ.

"ನೂರಕ್ಕೆ ನೂರು ರಾಯಧನ" ಎಂಬ ಜಾಹೀರಾತನ್ನು ಹೀಗೆ ಲೆಕ್ಕ ಹಾಕಿ. ಮುಖಬೆಲೆ 200 ಎಂದಿಟ್ಟುಕೊಳ್ಳಿ. ಮಾರಾಟ ತಾಣದ ಕಮಿಷನ್ ಅರ್ಧ, 100. ಅಚ್ಚಿನ ಖರ್ಚು 90. ಉಳಿದದ್ದು 10. ನೂರಕ್ಕೆ ನೂರು ಅಂದರೆ ಈ ಹತ್ತರಲ್ಲಿ. ಅಚ್ಚಿನ ಖರ್ಚು ಪ್ರತಿಗೆ ಎಷ್ಟು, ಯಾರು ನಿಗದಿ ಮಾಡುತ್ತಾರೆ, ಅದು ಕರಾರಿನಲ್ಲಿ ಅಂಕಿಯಾಗಿ ಇರಬೇಕು. ದುಡ್ಡು ಕಟ್ಟಿದ್ದಕ್ಕೆ ಜಿಎಸ್‌ಟಿ ನಂಬರಿರುವ ಬಿಲ್ ಪಡೆಯಿರಿ. ಫೋನ್‌ಪೇಯಲ್ಲಿ ಯಾರದೋ ಸ್ವಂತ ನಂಬರಿಗೆ ಹಾಕಬೇಡಿ.

ಕನ್ನಡದವರಿಗೆ ಇನ್ನೊಂದು ಮಾತು. 2016ರಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಇ-ಪುಸ್ತಕಕ್ಕೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡಕ್ಕೆಂದೇ ಮೈಲ್ಯಾಂಗ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ, ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ಬೆಂಗಳೂರಿನ ಪೋತಿ ಡಾಟ್ ಕಾಮ್ ಇದೆ. ಎಲ್ಲರ ಕರಾರೂ ಒಂದೇ ಅಲ್ಲ. ದುಡ್ಡು ಕಟ್ಟುವ ಮೊದಲು ಕನ್ನಡ ಪುಸ್ತಕ ನಿಜವಾಗಿ ಯಾವ ಯಾವ ತಾಣದಲ್ಲಿ ಸಿಗುತ್ತದೆ ಎಂದು ಬರಹದಲ್ಲಿ ಕೇಳಿ. ಯುವಕರಾಗಿದ್ದು ಇದು ಮೊದಲ ಪುಸ್ತಕವಾದರೆ ಯಾರಿಗೂ ದುಡ್ಡು ಕಟ್ಟುವ ಮುಂಚೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಬಂದಿದೆಯೇ ನೋಡಿ.

ಮುಖಪುಟಕ್ಕೆ ಗೂಗಲ್‌ನಿಂದ ಫೋಟೊ ಎತ್ತಬೇಡಿ. ಕೇಸು ಬಂದರೆ ಹೊಣೆ ಲೇಖಕರದೇ ಎಂಬ 'ಇಂಡೆಮ್ನಿಟಿ' ಕಲಂ ಹೆಚ್ಚಿನ ಕರಾರುಗಳಲ್ಲಿ ಇರುತ್ತದೆ. ಮೈಲಾರದ ಕಾರಣಿಕದ ಬಗ್ಗೆ ಬರೆದು ಗೊರವಯ್ಯನವರ ಹಾಡನ್ನು ಕ್ಯೂಆರ್ ಕೋಡ್‌ನಲ್ಲಿ ಕೊಡುವವರು ಹಾಡಿದವರಿಂದ ಒಪ್ಪಿಗೆ ಬರೆಸಿಕೊಳ್ಳಿ. ಜನಪದ ಎಲ್ಲರದಾದರೂ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಕಾಯ್ದೆಯಲ್ಲಿ ಹಕ್ಕಿದೆ. ಸೇವೆಯಲ್ಲಿರುವ ಶಿಕ್ಷಕರು ನಡತೆ ನಿಯಮ ನೋಡಿ ಮೇಲಧಿಕಾರಿಗೆ ಬರೆದು ಸ್ವೀಕೃತಿ ಪಡೆದಿರಲಿ. ನೀವೇ ಪ್ರಕಾಶಕರಾದರೆ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ದೆಹಲಿ, ಮುಂಬೈ, ಚೆನ್ನೈ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವುದು 1954ರ ಕಾಯ್ದೆಯ ಪ್ರಕಾರ ನಿಮ್ಮ ಕರ್ತವ್ಯ.

ಈಗಾಗಲೇ ಸಿಕ್ಕಿಬಿದ್ದಿದ್ದರೆ? ಮೊದಲು ಕರಾರು, ಮೇಲ್, ವಾಟ್ಸಾಪ್ ಮಾತು, ಮಾರಾಟದ ಲೆಕ್ಕ ತೋರಿಸುವ ಪರದೆ, ಎಲ್ಲದರ ಪ್ರಿಂಟ್ ತೆಗೆಸಿ. ಖಾತೆಗೆ ಬೀಗ ಹಾಕಿದ ಮೇಲೆ ಏನೂ ಸಿಗುವುದಿಲ್ಲ. ಆಮೇಲೆ ನೋಟಿಸ್, ಮೇಲ್‌ನಲ್ಲೂ ಸ್ಪೀಡ್ ಪೋಸ್ಟಿನಲ್ಲೂ. ಕರಾರಿನಲ್ಲಿ "ವ್ಯಾಜ್ಯ ಏನಿದ್ದರೂ ನಮ್ಮ ಊರಿನಲ್ಲಿ, ಮಧ್ಯಸ್ಥಿಕೆಯಲ್ಲಿ" ಎಂದಿದ್ದರೆ ಧೈರ್ಯ ಕಳೆದುಕೊಳ್ಳಬೇಡಿ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಧ್ಯಸ್ಥಿಕೆಯ ಕಲಂ ಅದಕ್ಕೆ ಅಡ್ಡಿಯಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು ಎರಡು ವರ್ಷ. ಒಂದು ಎಚ್ಚರಿಕೆ: ಲಾಭದ ವ್ಯಾಪಾರಕ್ಕೆ ಪುಸ್ತಕ ಮಾಡಿಸಿದವರು ಗ್ರಾಹಕರೇ ಅಲ್ಲ ಎಂದು ಕಂಪನಿಯವರು ವಾದಿಸುತ್ತಾರೆ. ದೂರಿನಲ್ಲೇ ನೀವು ಯಾಕೆ ಬರೆದಿರಿ, ಎಷ್ಟು ಪ್ರತಿ ಮಾಡಿಸಿದಿರಿ ಎಂಬುದನ್ನು ಬಿಡಿಸಿ ಹೇಳಿ. ಹಕ್ಕಿನ ಉಲ್ಲಂಘನೆಯ ದಾವೆಯನ್ನೂ ಹಕ್ಕುಸ್ವಾಮ್ಯ ಕಾಯ್ದೆಯ 62ನೇ ಕಲಮಿನಂತೆ ನೀವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ.

ಮೇಷ್ಟ್ರ ಕಂಪನಿ ಮೊದಲು ರದ್ದತಿ ಶುಲ್ಕ ಕೇಳಿತು. ಮಾರಾಟದ ಲೆಕ್ಕ ಕೊಟ್ಟಿಲ್ಲ, ಹೇಳಿದ ಪ್ರಚಾರ ಮಾಡಿಲ್ಲ ಎಂದು ದಿನಾಂಕ ಸಮೇತ ನೋಟಿಸ್ ಕೊಟ್ಟ ಮೇಲೆ ಹಕ್ಕು ಮರಳಿಸಿ ಒಂದು ಪತ್ರ ಕಳಿಸಿತು. ದುಡ್ಡು ಮರಳಿಸಿಲ್ಲ, ಅದಕ್ಕೆ ಗ್ರಾಹಕರ ಆಯೋಗದಲ್ಲಿ ದೂರು ನಡೆಯುತ್ತಿದೆ. ಹಳೆಯ ಐಎಸ್‌ಬಿಎನ್ ಕಂಪನಿಯದು, ಅದನ್ನು ಬಳಸುವಂತಿಲ್ಲ. ತಮ್ಮ ಹೆಸರಿನಲ್ಲೇ ಹೊಸದಕ್ಕೆ ಅರ್ಜಿ ಹಾಕಿದ್ದಾರೆ. ಡಿಟಿಪಿಯವರಲ್ಲಿ ಉಳಿದಿದ್ದ ಹಳೆಯ ನುಡಿ ಫೈಲನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರಗಳೆಲ್ಲ ಅಡ್ಡಾದಿಡ್ಡಿಯಾಗಿವೆ. ಮೇಷ್ಟ್ರು ದಿನಕ್ಕೆ ಹತ್ತು ಪುಟದಂತೆ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಾರೆ. ಅಜ್ಜಿಯ ಪದಗಳ ಅಧ್ಯಾಯವನ್ನು ಮೊದಲು ಮುಗಿಸಿ ಶಾಲೆಗೆ ಕೊಟ್ಟಿದ್ದಾರೆ.