ಕಡಲಿನ ಒಳಗೆ ಉಸಿರಾಟ: ನೇತ್ರಾಣಿಗೆ ಹೊರಡುವವರಿಗೆ ಒಂದು ಪಾಠ

ಈಚೆಗೆ ನಮ್ಮ ವಾಚನಾಲಯದ ಮೇಜಿನ ಸುತ್ತ ಒಂದು ಹೊಸ ಮಾತು ಕೇಳಿಬರುತ್ತಿದೆ. ಹತ್ತು ಹನ್ನೆರಡು ಮಂದಿ ಕೂಡಿ ರಜೆ ಹಾಕಿ ಮುರುಡೇಶ್ವರಕ್ಕೆ ಹೋಗುವುದು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಕಡಲಿನ ಒಳಗನ್ನು ಕಣ್ಣಾರೆ ಕಂಡು ಬರುವುದು. ಹಿಂದೆ ಸಿರಿವಂತರಿಗಷ್ಟೇ ಎಟುಕುತ್ತಿದ್ದ ಈ ವಿನೋದವು ಈಗ ಡೊಂಬಿವಲಿಯ ಗುಮಾಸ್ತನಿಗೂ, ಕಲ್ಯಾಣ-ಥಾಣೆಗಳ ಕೆಲಸಗಾರನಿಗೂ, ನಾಲ್ಕಾರು ತಿಂಗಳು ಹಣ ಕೂಡಿಟ್ಟರೆ, ಕೈಗೆ ನಿಲುಕುವಂತಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಲ್ಲಿ ಒಡ್ಡುವುದು ಹಣವೊಂದನ್ನೇ ಅಲ್ಲ. ನೀರಿನೊಳಗೆ ಮನುಷ್ಯನ ದೇಹಕ್ಕೆ ಏನಾಗುತ್ತದೆಂಬುದನ್ನು ಅರಿಯದೆ ಇಳಿಯುವವನು ಪ್ರಾಣವನ್ನೂ ಒಡ್ಡುತ್ತಾನೆ. ಆದುದರಿಂದ ಈ ಸಲದ ಪಾಠವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಸ್ಥಳ ಮತ್ತು ಕಾಲ

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ಸಣ್ಣ ಬಂಡೆಗಲ್ಲಿನ ದ್ವೀಪ. ಮುರುಡೇಶ್ವರದ ದಡದಿಂದ ಸುಮಾರು ೧೯ ಕಿಲೋಮೀಟರ್ ದೂರದಲ್ಲಿದೆ. ಇಂಗ್ಲಿಷಿನವರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಸುತ್ತಲಿನ ಬಂಡೆಗಳಿಗೆ ಹವಳ ಹತ್ತಿಕೊಂಡಿರುವುದರಿಂದ ಬಣ್ಣಬಣ್ಣದ ಮೀನುಗಳು ಇಲ್ಲಿ ಹೇರಳ.

ನಮ್ಮ ಥಾಣೆಯ ಖಾಡಿಯೂ ಕಡಲಿನ ನೀರೇ ಅಲ್ಲವೆ, ಅಲ್ಲೇಕೆ ಇಳಿಯಬಾರದು ಎಂದು ಕೆಲವರು ಕೇಳಬಹುದು. ಖಾಡಿಯ ನೀರಿನಲ್ಲಿ ಕೆಸರು ಬೆರೆತಿದೆ. ನೀರಿನಡಿಯಲ್ಲಿ ಒಂದು ಮೊಳ ದೂರವೂ ಕಾಣದು. ತೀರದಿಂದ ದೂರವಿರುವ ನೇತ್ರಾಣಿಗೆ ಹೊಳೆಗಳ ಮಣ್ಣು ಅಷ್ಟಾಗಿ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಅಲ್ಲಿಯೂ ಕಡಲು ಕೆರಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನ ತನಕ ಈ ವಿಚಾರವೇ ಬೇಡ. ಮಳೆ ನಿಂತು ನೀರು ತಿಳಿಯಾದ ಮೇಲಿನ ತಿಂಗಳುಗಳೇ ಯೋಗ್ಯ ಕಾಲ.

೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಥಾಣೆ ಅಥವಾ ಪನವೇಲಿನಲ್ಲಿ ಹತ್ತಿ ಕರಾವಳಿಯಲ್ಲಿ ಇಳಿಯುವುದು ಸುಲಭವಾಗಿದೆ. ಈ ಮಾರ್ಗ ಕಡಲ ಅಂಚಿನಲ್ಲೇ ಸಾಗುವುದೆಂಬುದು ನಮ್ಮ ಪಾಠಕ್ಕೂ ಸಂಬಂಧಪಟ್ಟ ಸಂಗತಿ. ಏಕೆಂಬುದು ಮುಂದೆ ತಿಳಿಯುವುದು.

ಉಪಕರಣದ ಕಥೆ

'ಸ್ಕೂಬಾ' ಎಂಬುದು ಇಂಗ್ಲಿಷಿನ ಕೆಲವು ಶಬ್ದಗಳ ಮೊದಲಕ್ಷರಗಳಿಂದಾದ ಹೆಸರು. ನೀರಿನಡಿಯಲ್ಲಿ ಉಸಿರಾಡಲು ಬೇಕಾದುದೆಲ್ಲವನ್ನೂ ಮುಳುಗುವವನೇ ಹೊತ್ತೊಯ್ಯುವ ಸಾಧನ ಎಂದು ಅದರ ಅರ್ಥ. ಅದಕ್ಕೆ ಮೊದಲು ಲೋಹದ ಶಿರಸ್ತ್ರಾಣ ತೊಟ್ಟವನಿಗೆ ಮೇಲಿನ ಹಡಗಿನಿಂದ ಕೊಳವೆಯ ಮೂಲಕ ಗಾಳಿ ಒತ್ತುತ್ತಿದ್ದರು. ೧೯೪೩ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಎಂಬವರು ಕೂಡಿ ಒಂದು ಕವಾಟವನ್ನು ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಅನಿಲದಿಂದ ಓಡಿಸುತ್ತಿದ್ದ ಮೋಟಾರುಗಳ ಕವಾಟವೇ ಅದಕ್ಕೆ ಮೂಲ. ಉಸಿರೆಳೆದಾಗ ಮಾತ್ರ, ಸುತ್ತಣ ನೀರಿನ ಒತ್ತಡಕ್ಕೆ ಸರಿಸಮನಾದ ಒತ್ತಡದಲ್ಲಿ, ಅದು ಗಾಳಿ ಕೊಡುತ್ತದೆ. ಇದನ್ನೇ ರೆಗ್ಯುಲೇಟರ್ ಎನ್ನುತ್ತಾರೆ.

ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನಾವು ದಿನವೂ ಸೇವಿಸುವ ಗಾಳಿಯೇ. ನೂರರಲ್ಲಿ ಸುಮಾರು ೨೧ ಪಾಲು ಆಮ್ಲಜನಕ, ಉಳಿದುದು ಹೆಚ್ಚಾಗಿ ಸಾರಜನಕ. ಅದನ್ನು ಒತ್ತಿ ತುಂಬಿರುತ್ತಾರೆ, ಅಷ್ಟೆ.

ಈ ಸಾಧನದಿಂದ ವಿನೋದವಷ್ಟೇ ಅಲ್ಲ, ವಿದ್ಯೆಯೂ ಬೆಳೆದಿದೆ. ಶಿವಮೊಗ್ಗ ಜಿಲ್ಲೆಯವರಾದ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್ (೧೯೨೨-೨೦೧೩) ಅವರು ಗುಜರಾತಿನ ಲೋಥಲ್ ಉತ್ಖನನದಿಂದ ಹೆಸರಾದವರು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲಿನ ಪುರಾತತ್ತ್ವ ಶೋಧನೆಗೆ ಅಡಿಪಾಯ ಹಾಕಿದವರೂ ಅವರೇ. ಅವರ ತಂಡವು ೧೯೮೦ರ ದಶಕದಲ್ಲಿ ದ್ವಾರಕೆಯ ಕಡಲಿಗಿಳಿದು ಕಲ್ಲಿನ ಲಂಗರುಗಳನ್ನೂ ಕಟ್ಟಡದ ಕಲ್ಲುಗಳನ್ನೂ ಗುರುತಿಸಿತು.

ನೀರಿನ ಒತ್ತಡ

ನಮ್ಮ ಮೇಲೆ ಸದಾ ಗಾಳಿಯ ಭಾರವೊಂದು ಇದ್ದೇ ಇದೆ. ಇದನ್ನು ಒಂದು ವಾಯುಭಾರ ಎನ್ನೋಣ. ಕಡಲಿನಲ್ಲಿ ೧೦ ಮೀಟರ್ ಇಳಿದರೆ ಇನ್ನೊಂದು ವಾಯುಭಾರ ಕೂಡುತ್ತದೆ. ೨೦ ಮೀಟರಿನಲ್ಲಿ ಒಟ್ಟು ಮೂರು, ೩೦ ಮೀಟರಿನಲ್ಲಿ ನಾಲ್ಕು. ಬೆಳಗಿನ ಲೋಕಲ್ ಗಾಡಿಯ ನೂಕಾಟದಲ್ಲಿ ಒತ್ತಡ ಒಂದು ಮಗ್ಗುಲಿನಿಂದ ಬರುತ್ತದೆ, ಪಕ್ಕೆಲುಬು ನೋಯುತ್ತದೆ. ನೀರು ಹಾಗಲ್ಲ, ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುತ್ತದೆ. ದೇಹದ ಬಹುಭಾಗ ನೀರೇ ಆದುದರಿಂದ ನಮಗೆ ಅದು ತಿಳಿಯುವುದಿಲ್ಲ. ತಿಳಿಯುವುದು ಗಾಳಿ ತುಂಬಿದ ಎಡೆಗಳಲ್ಲಿ, ಎಂದರೆ ಕಿವಿ, ಮೂಗಿನ ಸುತ್ತಣ ಗೂಡುಗಳು ಮತ್ತು ಶ್ವಾಸಕೋಶಗಳಲ್ಲಿ.

ಸೊಲ್ಲಾಪುರ, ಕಲಬುರ್ಗಿಗಳ ಕಡೆಯವರು ಖಂಡಾಲಾ ಘಾಟಿನಲ್ಲಿ ಕಿವಿ ಕಟ್ಟಿದ ಅನುಭವವನ್ನು ಬಲ್ಲರು. ನೀರಿನಲ್ಲಿ ಮೊದಲ ಕೆಲವೇ ಮೀಟರುಗಳಲ್ಲಿ ಅದಕ್ಕಿಂತ ಬಹಳ ಬಲವಾಗಿ ಹಾಗಾಗುತ್ತದೆ. ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಕಿವಿ ಬಿಡುತ್ತದೆ. ನೋವು ಬರುವ ಮೊದಲೇ, ಇಳಿಯುತ್ತ ಇಳಿಯುತ್ತ ಹಾಗೆ ಮಾಡುತ್ತಿರಬೇಕು. ಬಿಡದಿದ್ದರೆ ತುಸು ಮೇಲೆ ಬಂದು ಮತ್ತೆ ಪ್ರಯತ್ನಿಸುವುದು. ನೆಗಡಿ ಇದ್ದವರು ಆ ದಿನ ಇಳಿಯಲೇಬಾರದು.

ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ೧೬೬೨ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವಿದು. ಗುಮಾಸ್ತ ಬಂಧುಗಳು ಇದರ ಮೇಲೆ ಒಂದು ಲೆಕ್ಕ ಹಾಕಬಹುದು. ೧೨ ಲೀಟರಿನ ಸಿಲಿಂಡರಿಗೆ ೨೦೦ ವಾಯುಭಾರದಷ್ಟು ಗಾಳಿ ತುಂಬಿದರೆ ೨,೪೦೦ ಲೀಟರ್ ಆಯಿತು. ಅದರಲ್ಲಿ ೫೦ ವಾಯುಭಾರದಷ್ಟನ್ನು, ಎಂದರೆ ೬೦೦ ಲೀಟರನ್ನು, ಮುಟ್ಟದೆ ಆಪತ್ತಿಗೆ ಉಳಿಸಬೇಕು. ಉಳಿದುದು ೧,೮೦೦. ನಿಮಿಷಕ್ಕೆ ೨೦ ಲೀಟರ್ ಸೇವಿಸುವವನಿಗೆ ನೀರಿನ ಮೇಲೆ ಅದು ೯೦ ನಿಮಿಷ ಸಾಕು. ೧೦ ಮೀಟರಿನಲ್ಲಿ ೪೫, ೨೦ ಮೀಟರಿನಲ್ಲಿ ೩೦ ನಿಮಿಷ ಮಾತ್ರ. ಹೆದರಿ ಏದುಸಿರು ಬಿಡುವವನಿಗೆ ಅಷ್ಟೂ ಸಾಲದು. ಸಮಾಧಾನವೇ ಇಲ್ಲಿ ಉಳಿತಾಯದ ಖಾತೆ.

ಉಸಿರು ಬಿಗಿಹಿಡಿಯಬಾರದು

ಥಾಣೆ, ವಸಯಿ ಖಾಡಿಗಳಲ್ಲಿ ಮರಳು ತೆಗೆಯುವ ಕೂಲಿಗಳು ಯಾವ ಸಾಧನವೂ ಇಲ್ಲದೆ, ಉಸಿರು ಬಿಗಿಹಿಡಿದು, ಬಕೆಟ್ಟಿನೊಡನೆ ತಳಕ್ಕೆ ಮುಳುಗಿ ದುಡಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿವೆ. ನಮ್ಮ ಕರಾವಳಿಯ ಬಂಡೆಗಳಿಂದ ಪಚ್ಚಿಲೆ ಕೀಳುವವರೂ ಹಾಗೆಯೇ ಮುಳುಗುವರು. ಅವರು ಉಸಿರು ಹಿಡಿದರೆ ಶ್ವಾಸಕೋಶ ಒಡೆಯುವುದಿಲ್ಲ. ಸಿಲಿಂಡರು ಕಟ್ಟಿಕೊಂಡವನು ಹಿಡಿದು ಮೇಲೇರಿದರೆ ಒಡೆಯಬಹುದು. ಇದೇಕೆ?

ಕೂಲಿಯು ಒಯ್ದದ್ದು ಮೇಲಿನ ಗಾಳಿ. ಆಳದಲ್ಲಿ ಅದು ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನವನು ೧೦ ಮೀಟರಿನಲ್ಲಿ ಆರು ಲೀಟರ್ ಗಾಳಿ ತುಂಬಿಕೊಂಡನೆನ್ನಿ. ಅದು ಎರಡು ವಾಯುಭಾರದ ಗಾಳಿ. ಬಾಯಿ ಬಿಗಿದು ಮೇಲೆ ಬಂದರೆ ಅದು ಹನ್ನೆರಡು ಲೀಟರಿಗೆ ಹಿಗ್ಗಲು ನೋಡುತ್ತದೆ. ಎದೆಯಲ್ಲಿ ಅಷ್ಟು ಜಾಗವಿಲ್ಲ. ಒಳಗಣ ಪೊರೆ ಹರಿದು ಗಾಳಿ ರಕ್ತಕ್ಕೆ ನುಗ್ಗುತ್ತದೆ. ಕೆಲವೇ ಮೀಟರುಗಳ ಏರಿಕೆಯಲ್ಲೂ ಈ ಅನಾಹುತ ಸಂಭವಿಸಬಹುದು. ಆದುದರಿಂದ ಈ ಪಾಠದಲ್ಲಿ ಒಂದೇ ವಾಕ್ಯವನ್ನು ನೆನಪಿಡಬಲ್ಲವರು ಇದನ್ನು ನೆನಪಿಡಲಿ: ಸಿಲಿಂಡರಿನ ಗಾಳಿ ಸೇವಿಸುವಾಗ ಉಸಿರಾಟವನ್ನು ಎಂದೂ ನಿಲ್ಲಿಸಬಾರದು, ಹೆದರಿಕೆಯಿಂದ ಮೇಲಕ್ಕೆ ಧಾವಿಸಬಾರದು.

ಸೋಡಾ ಬಾಟಲಿಯ ಪಾಠ

ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಗುಳ್ಳೆಗಳು ನುಗ್ಗುವುದನ್ನು ಎಲ್ಲರೂ ಕಂಡಿದ್ದೇವೆ. ಒತ್ತಡದಲ್ಲಿ ಕರಗಿದ್ದ ಅನಿಲ, ಒತ್ತಡ ಇಳಿದೊಡನೆ ಹೊರಬೀಳುತ್ತದೆ. ಆಳದಲ್ಲಿ ಬಹಳ ಹೊತ್ತು ಇದ್ದವನ ರಕ್ತಮಾಂಸಗಳಲ್ಲಿ ಸಾರಜನಕ ಹೀಗೆಯೇ ಕರಗಿರುತ್ತದೆ. ಅವನು ಥಟ್ಟನೆ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲುಗಳಲ್ಲಿ ನೋವು, ಕೈಕಾಲುಗಳಿಗೆ ಲಕ್ವ, ಕೆಲವೊಮ್ಮೆ ಮರಣವನ್ನೂ ತರುತ್ತದೆ.

ಈ ತಿಳಿವಳಿಕೆ ದುಡಿಯುವವರ ದೇಹದ ಬೆಲೆಗೆ ದೊರೆತದ್ದೆಂಬುದನ್ನು ನಮ್ಮ ವಾಚಕರು ಮರೆಯಲಾಗದು. ೧೮೭೦ರ ಸುಮಾರಿಗೆ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಸೇತುವೆಯ ಅಡಿಪಾಯಕ್ಕಾಗಿ ನದಿಯ ತಳದಲ್ಲಿ, ಒತ್ತಿದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಗಳೊಳಗೆ, ಕೂಲಿಗಳು ದುಡಿದರು. ಮೇಲೆ ಬಂದ ಮೇಲೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಹಲವರು ಅಂಗವಿಕಲರಾದರು. ೧೯೦೮ರಲ್ಲಿ ಬ್ರಿಟನ್ನಿನ ಜಾನ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ, ಹಂತಹಂತವಾಗಿ ಮೇಲೇರುವ ಕೋಷ್ಟಕವನ್ನು ಪ್ರಕಟಿಸಿದರು. ಇಂದಿನ ಪದ್ಧತಿಯಲ್ಲಿ ನಿಮಿಷಕ್ಕೆ ಸುಮಾರು ೯ ಮೀಟರಿಗಿಂತ ವೇಗವಾಗಿ ಏರುವುದಿಲ್ಲ. ೫ ಮೀಟರಿನಲ್ಲಿ ಮೂರು ನಿಮಿಷ ತಂಗುವುದೂ ರೂಢಿ.

ದಡ ಸೇರಿದ ಮೇಲೂ ಈ ಎಚ್ಚರ ಬೇಕು. ಒಂದು ಬಾರಿ ಮುಳುಗಿದವನು ೧೨ ಗಂಟೆ, ಹಲವು ಬಾರಿ ಮುಳುಗಿದವನು ೧೮ ಗಂಟೆ ವಿಮಾನ ಹತ್ತಬಾರದು. ಘಾಟಿ ಹತ್ತುವುದಕ್ಕೂ ಅವಸರ ಬೇಡ. ಜೋಗ ನೋಡುವ ಆಸೆಯಿದ್ದರೆ ಮೊದಲು ಜೋಗ, ಆಮೇಲೆ ನೇತ್ರಾಣಿ. ಹಿಂತಿರುಗಲು ಕಡಲಂಚಿನ ರೈಲು ಇದ್ದೇ ಇದೆ.

ಸಣ್ಣ ಸಂಸ್ಥೆಯವರೊಡನೆ ವ್ಯವಹಾರ

ಈ ವಿನೋದ ನಡೆಸುವವರಲ್ಲಿ ಹೆಚ್ಚಿನವರು ಒಂದೆರಡು ದೋಣಿ, ಐದಾರು ಶಿಕ್ಷಕರಿರುವ ಖಾಸಗಿ ವ್ಯವಹಾರಸ್ಥರು. ಸಣ್ಣವರೆಂದು ಕೀಳೆಣಿಸಬಾರದು; ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸುವ ಅನುಕೂಲ ಅಲ್ಲಿದೆ. ಆದರೆ ಮುಂಗಡ ಕೊಡುವ ಮೊದಲು, ತಂಡದ ಪರವಾಗಿ ಒಬ್ಬರು ಈ ಕೆಳಗಿನವನ್ನು ಕೇಳಿ ಬರೆದಿಟ್ಟುಕೊಳ್ಳಲಿ.

೧. ಶಿಕ್ಷಕರಿಗೆ ಮಾನ್ಯ ಸಂಸ್ಥೆಯ ಪ್ರಮಾಣಪತ್ರವಿದೆಯೇ? ಈಜು ಬಾರದವನ ಜೊತೆಗೆ ನೀರಿನಲ್ಲಿ ಒಬ್ಬ ಶಿಕ್ಷಕ ಸದಾ ಇರುವನೇ?

೨. ಸಿಲಿಂಡರುಗಳ ಪರೀಕ್ಷೆ ಯಾವಾಗ ಆಯಿತು? ಗಾಳಿ ತುಂಬುವ ಯಂತ್ರವು ಡೀಸೆಲ್ ಹೊಗೆಯಿಂದ ದೂರವಿದೆಯೇ? ಹೊಗೆ ಬೆರೆತ ಗಾಳಿ ಆಳದಲ್ಲಿ ವಿಷ.

೩. ದೋಣಿಯಲ್ಲಿ ಆಮ್ಲಜನಕ, ಪ್ರಥಮ ಚಿಕಿತ್ಸೆ, ಎಲ್ಲರಿಗೂ ಜೀವರಕ್ಷಕ ಜಾಕೆಟ್ಟು ಇವೆಯೇ?

೪. ಕಡಲು ಕೆರಳಿ ದೋಣಿ ಹೊರಡದಿದ್ದರೆ ಹಣ ಹಿಂದಕ್ಕೆ ಬರುವುದೇ?

ಕೊನೆಯ ಪ್ರಶ್ನೆ ಹಣದ್ದೆಂದು ತೋರಿದರೂ ಪ್ರಾಣದ್ದೇ. ಹಣ ಮುಳುಗುವುದೆಂಬ ಭಯವಿದ್ದರೆ, ಹೋಗಬಾರದ ದಿನವೂ ಹೋಗುವ ಮನಸ್ಸಾಗುತ್ತದೆ. ೨೦೨೨ರ ಮೇ ೨೪ರಂದು ಮಾಲವಣದ ಹತ್ತಿರದ ತಾರ್ಕರ್ಲಿಯಲ್ಲಿ ಈ ವಿನೋದ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಇಬ್ಬರು ಪ್ರವಾಸಿಗರು ತೀರಿಕೊಂಡರು. ೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರದ ದಡದಲ್ಲೇ ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಅಪಾಯವಿರುವುದು ಆಳದಲ್ಲಿ ಮಾತ್ರ ಎಂದು ತಿಳಿಯಬಾರದು.

ಅವರು ಕೊಡುವ ಆರೋಗ್ಯದ ಕಾಗದವನ್ನು ಪ್ರಾಮಾಣಿಕವಾಗಿ ತುಂಬಬೇಕು. ಉಬ್ಬಸ, ಹೃದಯದ ಬೇನೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದೇ ಇದ್ದರೂ ವೈದ್ಯರ ಅನುಮತಿ ಇಲ್ಲದೆ ಇಳಿಯಕೂಡದು. ಗರ್ಭಿಣಿಯರು ಇಳಿಯುವಂತಿಲ್ಲ. ಹಿಂದಿನ ರಾತ್ರಿ ಮದ್ಯಪಾನ ವರ್ಜ್ಯ.

ನೀರಿನೊಳಗೆ

ಅಲ್ಲಿ ಮಾತಿಲ್ಲ, ಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲೆ ಹೋಗೋಣ' ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ ಸೊನ್ನೆ ತೋರಿಸಬೇಕು. ವಸ್ತುಗಳು ಇರುವುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುವುವು. ಇಳಿದಂತೆ ಮೊದಲು ಕೆಂಪು ಬಣ್ಣ ಅಳಿಸಿಹೋಗಿ ಎಲ್ಲವೂ ನೀಲಿ-ಹಸಿರಾಗುವುದು. ಹವಳ ಕಲ್ಲಲ್ಲ, ಜೀವಿಗಳ ವಸಾಹತು. ಬಹಳ ನಿಧಾನ ಬೆಳೆಯುವಂಥದು. ಮುಟ್ಟಬಾರದು, ತುಳಿಯಬಾರದು, ನೆನಪಿಗೆಂದು ಮುರಿದು ತರಬಾರದು.

ಕೊನೆಯದಾಗಿ ಸಂಕೋಚದ ಮಾತು. ಪರವೂರಿನಲ್ಲಿ ದುಡಿಯುವ ನಮಗೆ ಮೇಲಿನವರ ಎದುರು 'ಆಗದು' ಎಂದು ಹೇಳಿ ಅಭ್ಯಾಸ ಕಡಿಮೆ. ಗೆಳೆಯರು ನಕ್ಕಾರೆಂಬ ಭಯ ಅದಕ್ಕಿಂತಲೂ ದೊಡ್ಡದು. ಆದರೆ ಈ ವಿದ್ಯೆಯ ಒಂದು ಒಳ್ಳೆಯ ನಿಯಮವೆಂದರೆ, ಯಾರು ಬೇಕಾದರೂ, ಯಾವ ಕ್ಷಣದಲ್ಲಾದರೂ, ಕಾರಣ ಕೊಡದೆ 'ನಾನು ಇಳಿಯುವುದಿಲ್ಲ' ಎನ್ನಬಹುದು. ದೋಣಿಯಲ್ಲೇ ಕುಳಿತು ದ್ವೀಪ ನೋಡಿ ಬಂದವನು ಹೇಡಿಯಲ್ಲ. ತಂಡದ ಮುಖಂಡರು ಈ ಮಾತನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಲಿ.

ಅಭ್ಯಾಸ

೧. ೨೦ ಮೀಟರ್ ಆಳದಲ್ಲಿ ಒಟ್ಟು ಎಷ್ಟು ವಾಯುಭಾರ?

೨. ಮರಳಿನ ಕೂಲಿಗೂ ಸಿಲಿಂಡರು ಕಟ್ಟಿದವನಿಗೂ ಉಸಿರಿನ ನಿಯಮ ಬೇರೆ ಏಕೆ?

೩. ನೇತ್ರಾಣಿಯಿಂದ ಬಂದ ಸಂಜೆಯೇ ಜೋಗಕ್ಕೆ ಹೊರಟ ಗೆಳೆಯನಿಗೆ ನೀವು ಏನು ಹೇಳುವಿರಿ?