ಬೆಳೆ ಕಾಯುವ ಕೋವಿ, ಹಂದಿ ಕಾಯುವ ಕಾನೂನು

ಪ್ರಶ್ನೆ: ಅಜ್ಜನ ಕಾಲದ ಕೇಪಿನ ಕೋವಿ ಮನೆಯಲ್ಲಿದೆ. ಲೈಸೆನ್ಸಿನಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದೇ ಬರೆದಿದೆ. ಗದ್ದೆಗೆ ಕಾಡುಹಂದಿಯ ಹಿಂಡು ಇಳಿಯುತ್ತಿದೆ. ಬೆಳೆಗೆ ಬಂದದ್ದನ್ನು ಹೊಡೆಯಬಹುದು ಎನ್ನುವವರಿದ್ದಾರೆ, ಹೊಡೆದರೆ ಜೈಲು ಎನ್ನುವವರೂ ಇದ್ದಾರೆ. ಕಾಯ್ದೆಯನ್ನೇ ಓದಿ ನೋಡಿದೆ, ತಲೆಬುಡ ತಿಳಿಯಲಿಲ್ಲ. ಯಾವುದು ನಿಜ?
– ಒಬ್ಬ ಕೃಷಿಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಲಿಖಿತ ಅನುಮತಿ ಕೈಗೆ ಬರುವವರೆಗೆ ಹೊಡೆಯಬೇಡಿ. ನಿಮ್ಮ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಕೊಟ್ಟ ಒಪ್ಪಿಗೆ, ಹಂದಿ ಹೊಡೆಯಲು ಕೊಟ್ಟದ್ದಲ್ಲ.

ತಲೆಬುಡ ತಿಳಿಯದ್ದು ನಿಮ್ಮ ತಪ್ಪೇನೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್, ನಿಜವಾಗಿ ಬೆಳೆ ಕಾಯಲು ಬೇಕೆನ್ನುವವರಿಗೆ ಕೇಪಿನ ಕೋವಿಯ ಲೈಸೆನ್ಸ್ ಕೊಡುವ ಮಾತಾಡುತ್ತದೆ. ಆ ಕೋವಿಯಿಂದ ಬೆಳೆ ಕಾಯುವುದು ಹೇಗೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದು ಬೇರೆ ಇಲಾಖೆಯ ಕೈಯಲ್ಲಿದೆ, ಅದರ ಭಾಷೆಯೂ ಬೇರೆ. ಊರಿನ ಹಿರಿಯರು ‘ನಮ್ಮ ಕಾಲದಲ್ಲಿ ಶಿಕಾರಿಗೆ ಲೈಸೆನ್ಸ್ ಕೊಡುತ್ತಿದ್ದರು’ ಎಂದರೆ ಅದೂ ಸುಳ್ಳಲ್ಲ. ಈ ಕಾಯ್ದೆ ಹುಟ್ಟಿದಾಗ ಅದರಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬಗೆಬಗೆಯ ಪರವಾನಗಿಗಳಿದ್ದವು. 1991ರ ತಿದ್ದುಪಡಿ ಅವನ್ನೆಲ್ಲ ತೆಗೆದುಹಾಕಿತು. ಕೋವಿ ಮಾತ್ರ ಮನೆಯಲ್ಲೇ ಉಳಿಯಿತು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು ಬರಲು.

ನಿಮಗೆ ಬೇಕಾದ ಬಾಗಿಲು ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್. ಕಾಯ್ದೆಯ ಕೊನೆಯ ಪಟ್ಟಿಗಳಲ್ಲಿ ಎರಡನೆಯದಾದ ಅನುಸೂಚಿ 2ರ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರಿಂದ ಅಧಿಕಾರ ಪಡೆದವರಿಗೆ ಮನವರಿಕೆಯಾದರೆ, ಕಾರಣ ಬರೆದು ಬೇಟೆಗೆ ಅನುಮತಿ ಕೊಡಬಹುದು. ಆಸ್ತಿ ಎಂದರೆ ಜಮೀನಿನಲ್ಲಿ ನಿಂತ ಪೈರೂ ಸೇರಿತು. ಕಾಡುಹಂದಿ ಈಗ ಅನುಸೂಚಿ 2ರಲ್ಲಿದೆ. ಹಾಗಾಗಿ ‘ಬೆಳೆಗೆ ಬಂದದ್ದನ್ನು ಹೊಡೆಯಬಹುದು’ ಎಂದವರು ಅರ್ಧ ಸತ್ಯ ಹೇಳಿದ್ದಾರೆ. ಉಳಿದರ್ಧ, ಅಂದರೆ ಅನುಮತಿ, ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ.

ಇಲ್ಲಿಂದ ಮುಂದೆ ಪದಗಳೇ ಕಾಲಿಗೆ ತೊಡರುತ್ತವೆ. ಅಪಾಯಕಾರಿಯಾದ ‘ಅಂಥ ಪ್ರಾಣಿ ಅಥವಾ ಪ್ರಾಣಿಗಳ ಗುಂಪನ್ನು’ ಹೊಡೆಯಬಹುದಂತೆ. ಅಮಾವಾಸ್ಯೆಯ ರಾತ್ರಿ ಗದ್ದೆಯ ಅಂಚಿನಲ್ಲಿ ಅಲುಗಾಡುವ ಕಪ್ಪು ಬೆನ್ನುಗಳಲ್ಲಿ, ನಿನ್ನೆ ಭತ್ತ ತುಳಿದು ಅಪಾಯಕಾರಿಯಾದದ್ದು ಯಾವುದು, ಇವತ್ತು ಸುಮ್ಮನೆ ಹಾದುಹೋಗುತ್ತಿರುವುದು ಯಾವುದು? ಎಷ್ಟು ನಷ್ಟವಾದರೆ ‘ಅಪಾಯ’? ಎಷ್ಟು ದಿನದೊಳಗೆ ಉತ್ತರ ಬರಬೇಕು? ಈ ಸೆಕ್ಷನ್ ಹೇಳುವುದಿಲ್ಲ. ಭತ್ತ ಅಷ್ಟು ದಿನ ಕಾಯುವುದೂ ಇಲ್ಲ.

‘ಬೇಟೆ’ ಎಂಬುದರ ವ್ಯಾಖ್ಯೆಯನ್ನು ನೋಡಿ, ಇನ್ನೂ ಸ್ವಾರಸ್ಯವಿದೆ. ಮೂಲ ಕಾಯ್ದೆಯಲ್ಲಿ, ಕೊಲ್ಲುವ ಅಥವಾ ಹಿಡಿಯುವ ಉದ್ದೇಶದಿಂದ ಪ್ರಾಣಿಯನ್ನು ಅಟ್ಟಿದರೆ ಅದು ಬೇಟೆ ಎಂದಿತ್ತು. ಮಲೆನಾಡಿನ ಶಿಕಾರಿಯವರು ಹಳು ಸೋವುವುದು ಎನ್ನುವರಲ್ಲ, ಅದು. 2003ರಲ್ಲಿ ಜಾರಿಯಾದ ತಿದ್ದುಪಡಿಯಲ್ಲಿ ಉರುಳು ಹಾಕುವುದು, ಆಮಿಷ ಇಡುವುದು, ಅಟ್ಟುವುದು ಎಲ್ಲವೂ ಒಂದೇ ಸಾಲಿಗೆ ಬಂದವು, ‘ಉದ್ದೇಶದಿಂದ’ ಎಂಬ ಮಾತು ಬಿದ್ದುಹೋಯಿತು. ಅಕ್ಷರಕ್ಕೆ ಅಕ್ಷರ ಹಿಡಿದರೆ, ಮಾಳದ ಮೇಲೆ ಕೂತು ಡಬ್ಬ ಬಡಿದು ಹಂದಿ ಓಡಿಸುವ ನೀವೂ ಬೇಟೆಗಾರರೇ. ಹಾಗೆಂದು ಯಾರೂ ನಿಮ್ಮನ್ನು ಎಳೆದೊಯ್ಯಲಾರರು, ಸರಿ. ಆದರೆ ರೈತನ ದಿನನಿತ್ಯದ ಕೆಲಸ ಅಧಿಕಾರಿಯ ದಾಕ್ಷಿಣ್ಯದ ಮೇಲೆ ನಿಲ್ಲುವಂತೆ ವಾಕ್ಯ ಬರೆಯುವುದು ಯಾವ ನ್ಯಾಯ?

ಪ್ರಾಣಿ ಬದಲಾದರೆ ಉತ್ತರವೂ ಬದಲು. 2022ರ ತಿದ್ದುಪಡಿ (ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ) ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ನಮ್ಮ ತೋಟಗಳ ಮಂಗ ಈಗ ಹುಲಿ, ಆನೆಗಳ ಜೊತೆ ಅನುಸೂಚಿ 1ರಲ್ಲಿ ಕೂತಿದೆ. ಅಲ್ಲಿ ಬೆಳೆನಷ್ಟ ಕಾರಣವೇ ಅಲ್ಲ. ಮನುಷ್ಯರ ಜೀವಕ್ಕೆ ಅಪಾಯವಿರಬೇಕು, ಇಲ್ಲವೇ ಪ್ರಾಣಿ ಚೇತರಿಸಿಕೊಳ್ಳಲಾರದ ಸ್ಥಿತಿಯಲ್ಲಿರಬೇಕು. ನೀವು ಓದಿದ ಪ್ರತಿಯಲ್ಲಿ ಕಾಡುಹಂದಿ ಅನುಸೂಚಿ 3ರಲ್ಲಿದ್ದರೆ ಅದು ಹಳೆಯ ಪ್ರತಿ, ಪಕ್ಕಕ್ಕಿಡಿ.

ಹಂದಿ ಮೈಮೇಲೆ ಬಂದರೆ? ಸದುದ್ದೇಶದಿಂದ ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ. ಆದರೆ ಆ ಹೊತ್ತಿಗೆ ನೀವೇ ಕಾಯ್ದೆ ಮೀರುವ ಕೆಲಸದಲ್ಲಿದ್ದಿರಬಾರದು. ಗಾಯಗೊಂಡ ಹಂದಿಯ ಬೆನ್ನುಹತ್ತಿ ಕಾಡಿಗೆ ನುಗ್ಗಿದವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಮಾಂಸ ಪಾಲು ಹಾಕಿದರೆ ಅದು ಇನ್ನೊಂದು ಕೇಸು. ಅನುಮತಿಯಿಲ್ಲದೆ ಹಂದಿ ಹೊಡೆದದ್ದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎಂದು ಕೇಳಬೇಡಿ, ಅದೂ ಕೋವಿಗೆ ಮಾತ್ರ.

ಕೇರಳ 2022ರಲ್ಲಿ ಒಂದು ದಾರಿ ಹುಡುಕಿತು. ಬೆಳೆಗೆ ನುಗ್ಗುವ ಕಾಡುಹಂದಿಯ ವಿಷಯದಲ್ಲಿ ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟು, ವಿಷ, ಸ್ಫೋಟಕ, ವಿದ್ಯುತ್ ಬಳಸಕೂಡದು ಎಂದು ಆದೇಶದಲ್ಲೇ ಬರೆಯಿತು. ಆ ನೀತಿಯ ಬಗ್ಗೆ ನನಗೆ ಅನುಮಾನಗಳಿವೆ. ಆದರೆ ಯಾರನ್ನು ಕೇಳಬೇಕು, ಏನು ಮಾಡಬಾರದು ಎಂಬುದು ಅಲ್ಲಿನ ರೈತನಿಗೆ ಒಂದೇ ಕಾಗದದಲ್ಲಿ ಸಿಕ್ಕಿತು. ನಮ್ಮಲ್ಲೂ ಪ್ರತಿ ವಲಯ ಅರಣ್ಯ ಕಚೇರಿಯ ಗೋಡೆಯ ಮೇಲೆ ಇಷ್ಟು ಕನ್ನಡ ಇದ್ದರೆ ಸಾಕು: ಯಾವ ಪ್ರಾಣಿಗೆ ಅನುಮತಿ ಕೇಳಬಹುದು, ಅರ್ಜಿ ಯಾರಿಗೆ, ಎಷ್ಟು ದಿನದಲ್ಲಿ ಉತ್ತರ, ಹೊಡೆದ ಮೇಲೆ ಯಾರಿಗೆ ತಿಳಿಸಬೇಕು. ಇದು ತಿಳಿಯದೆ ಬೇಸತ್ತವರೇ ಬೇಲಿಗೆ ಕರೆಂಟು ಕೊಡುತ್ತಾರೆ, ಉರುಳು ಕಟ್ಟುತ್ತಾರೆ. ಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಬೀಳುತ್ತದೆ, ಹಂದಿಗೆಂದು ಎಳೆದ ತಂತಿಗೆ ಪಕ್ಕದ ಮನೆಯವರೂ ಬೀಳುತ್ತಾರೆ.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಹಾನಿಯ ಫೋಟೊ, ಪಹಣಿ, ಕೋವಿ ಲೈಸೆನ್ಸಿನ ಪ್ರತಿ ಇಟ್ಟು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ. ಅದರಲ್ಲಿ ಸೆಕ್ಷನ್ 11(1)(ಬಿ) ಎಂದು ನಮೂದಿಸಿ, ಸ್ವೀಕೃತಿ ಪಡೆಯಿರಿ. ಬೆಳೆನಷ್ಟ ಪರಿಹಾರದ ಅರ್ಜಿ ಬೇರೆಯೇ, ಎರಡನ್ನೂ ಬೆರೆಸಬೇಡಿ. ಆಗುವುದಿಲ್ಲ ಎಂದರೆ ಅದನ್ನೂ ಬರವಣಿಗೆಯಲ್ಲಿ ಕೇಳಿ. ‘ಹೊಡ್ಕೊಳ್ಳಿ, ನಾನು ನೋಡಿಲ್ಲ’ ಎಂಬ ಬಾಯಿಮಾತಿನ ಒಪ್ಪಿಗೆ ಯಾರಿಂದ ಸಿಕ್ಕರೂ ನಂಬಬೇಡಿ. ಹಾಗೆಂದವರಿಗೆ ನಾಳೆ ವರ್ಗವಾಗಬಹುದು, ಕೇಸು ಮಾತ್ರ ನಿಮ್ಮ ಊರಲ್ಲೇ ಇರುತ್ತದೆ.